ದೂರವಾಣಿಯಲ್ಲಿ ವೈದ್ಯರು, ಮನೆಯ ಹೊಸ್ತಿಲಲ್ಲಿ ನಾವು

(ಶತಮಾನೋತ್ಸವದ ಅಂಗವಾಗಿ ಆಚರಿಸಿದ ರೋಗಿಗಳ ದಿನದಂದು ವಿಚಾರಣಾ ಗುರುಗಳು ಮಾಡಿದ ಭಾಷಣದ ಪೂರ್ಣಪಾಠ)



ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿದ ಈ ಸಂಭ್ರಮದಲ್ಲಿ, ಇಲ್ಲಿ ದುಡಿದು ಗತಿಸಿದ ಗುರುಗಳ ಬಗೆಗೆ, ಧರ್ಮಭಗಿನಿಯರು ನಡೆಸಿದ ಔಷಧಾಲಯದ ಬಗೆಗೆ, ಕಲ್ಲು ಹೊತ್ತು ಈ ಗೋಡೆಗಳನ್ನು ಎಬ್ಬಿಸಿದ ಹಿರಿಯರ ಬಗೆಗೆ ಹಲವರು ಮಾತನಾಡಿದ್ದಾರೆ. ಅದೆಲ್ಲವೂ ಯುಕ್ತವೇ ಆಗಿದೆ. ಆದರೆ ಇಂದಿನ ಪೂಜೆಯಲ್ಲಿ ರೋಗಿಗಳಿಗೆ ಅಭ್ಯಂಗ ಸಂಸ್ಕಾರವನ್ನು ನೀಡುತ್ತಿದ್ದಾಗ ನಮ್ಮ ಗಮನ ಒಂದು ಸಂಗತಿಯ ಕಡೆಗೆ ಹೋಯಿತು. ಮುಂದಿನ ಸಾಲುಗಳಲ್ಲಿ ಸಕ್ಕರೆ ಕಾಯಿಲೆಯವರಿದ್ದರು, ಮೊಣಕಾಲು ನೋವಿನವರಿದ್ದರು, ಪಾರ್ಶ್ವವಾಯು ತಗುಲಿದ ಹಿರಿಯರೊಬ್ಬರನ್ನು ಮೊಮ್ಮಕ್ಕಳು ಕುರ್ಚಿಯಲ್ಲಿಯೇ ಹೊತ್ತು ತಂದಿದ್ದರು. ಮನಸ್ಸಿನ ಕಾಯಿಲೆಯವರು ಮಾತ್ರ ಒಬ್ಬರೂ ಇರಲಿಲ್ಲ. ನಮ್ಮಲ್ಲಿ ಅಂಥವರೇ ಇಲ್ಲವೆಂದು ಇದರ ಅರ್ಥವಲ್ಲ. ಅವರನ್ನು ಮನೆಯಲ್ಲಿ ಬಿಟ್ಟು, ಹೊರಗಿನಿಂದ ಚಿಲಕ ಹಾಕಿಕೊಂಡು ಬಂದಿದ್ದೇವೆ.

2015-16ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ದೇಶದ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ, ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ತುಸು ಹೆಚ್ಚು ಮಂದಿ ಯಾವುದಾದರೊಂದು ಮನೋವ್ಯಾಧಿಯಿಂದ ಬಳಲುತ್ತಿದ್ದರು. ಅಂಥವರಲ್ಲಿ ಚಿಕಿತ್ಸೆಯೇ ದೊರೆಯದವರ ಪ್ರಮಾಣ, ಕಾಯಿಲೆಗೆ ತಕ್ಕಂತೆ, ನೂರಕ್ಕೆ 70ರಿಂದ 92ರವರೆಗೆ ಇತ್ತು. ಈ ಲೆಕ್ಕವನ್ನು ನಮ್ಮ ವಿಚಾರಣೆಗೆ ಅನ್ವಯಿಸಿ ನೋಡಿರಿ. ಪೂಜೆಗೆ ಬರುವ ಇನ್ನೂರು ಮಂದಿ ವಯಸ್ಕರಲ್ಲಿ ಇಪ್ಪತ್ತು ಮಂದಿ. ಆ ಇಪ್ಪತ್ತರಲ್ಲಿ ವೈದ್ಯರ ಮುಖ ಕಂಡವರು ನಾಲ್ಕೋ ಐದೋ. ಮಿಕ್ಕವರು ಎಲ್ಲಿದ್ದಾರೆ? ನಮ್ಮ ಕುಟುಂಬಗಳು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳಲ್ಲಿ ಇಲ್ಲೊಂದು ಅಲ್ಲೊಂದು ಎಂಬಂತೆ ಚದರಿಕೊಂಡಿವೆ. ಮನೆಮನೆಗೆ ಹೋಗುವ ನಮಗೆ ಅವರಲ್ಲಿ ಕೆಲವರ ಗುರುತಿದೆ.

ಈ ಭಾಗದಲ್ಲಿ ಯಾರಾದರೂ ಅಸಂಬದ್ಧವಾಗಿ ನಡೆದುಕೊಂಡರೆ "ಇವನ್ನ ಧಾರವಾಡಕ್ಕ ಕಳಸ್ರಿ" ಎಂದು ನಗುವುದು ಹಳೆಯ ರೂಢಿ. 1845ರಲ್ಲಿ ಧಾರವಾಡದಲ್ಲಿ ಆರಂಭವಾದ ಮನೋರೋಗಿಗಳ ಆಸ್ಪತ್ರೆಯೇ ಈ ಮಾತಿಗೆ ಮೂಲ. ಅದೇ ಇಂದು ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾಗಿ, ಡಿಮ್ಹಾನ್ಸ್ ಎಂಬ ಹೆಸರಿನಿಂದ, ಉತ್ತರ ಕರ್ನಾಟಕಕ್ಕೆಲ್ಲ ಆಸರೆಯಾಗಿದೆ. ಆದರೆ ಊರಿನ ಹೆಸರೇ ಬೈಗುಳವಾದ ಮೇಲೆ ಆ ಊರಿನ ಬಸ್ಸನ್ನು ಹತ್ತಲು ಯಾರಿಗೆ ಧೈರ್ಯ ಬಂದೀತು? ಕಿತ್ತೂರಿನಿಂದ ಧಾರವಾಡಕ್ಕೆ ಸುಮಾರು 30 ಕಿಲೋಮೀಟರು, ಸವದತ್ತಿಯಿಂದ ಸುಮಾರು 40. ರಾಮದುರ್ಗದಿಂದಾದರೆ ಇನ್ನೂ ಬಹಳ ಹೆಚ್ಚು. ಲೋಕದ ಬಾಯಿಯನ್ನು ದಾಟಿ ಹೋಗುವ ದಾರಿ ಇವೆಲ್ಲಕ್ಕಿಂತ ಉದ್ದ.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕಾಗಿದೆ. ಶತಮಾನೋತ್ಸವದ ವೇದಿಕೆ ಅದಕ್ಕೆ ತಕ್ಕ ಸ್ಥಳವಲ್ಲವೆಂದು ಕೆಲವರಿಗೆ ತೋರಬಹುದು. ಹೇಳದೆ ಮುಂದುವರಿದರೆ ಉಳಿದ ಮಾತಿಗೆ ಬೆಲೆಯಿರದೆಂದು ನಮ್ಮ ಅನಿಸಿಕೆ.

ನಾವು ಗುರುಪಟ್ಟ ಪಡೆದು ಕೆಲವೇ ವರ್ಷಗಳಾಗಿದ್ದ ಕಾಲ, 1990ರ ದಶಕ. ರಾಮದುರ್ಗದ ಕಡೆಯ ನೇಕಾರ ಕುಟುಂಬವೊಂದರ ತಾಯಿ ತನ್ನ ಇಪ್ಪತ್ತೆರಡು ವರ್ಷದ ಮಗನನ್ನು ಕರೆತಂದಳು. "ಫಾದರ್, ಹುಡುಗಗ ನಿದ್ದಿ ಇಲ್ರೀ. ರಾತ್ರಿಯೆಲ್ಲಾ ಗ್ವಾಡಿ ಕೂಡ ಮಾತಾಡ್ತಾನ್ರೀ. ಮಗ್ಗಕ್ಕ ಕುಂದ್ರಾಕ ಒಲ್ಲೆ ಅಂತಾನ್ರೀ" ಎಂದಳು. ಹುಡುಗ ಯಾರೋ ತನ್ನ ಹೆಸರು ಹಿಡಿದು ಕರೆಯುತ್ತಿರುವಂತೆ ಮತ್ತೆ ಮತ್ತೆ ಬಾಗಿಲ ಕಡೆ ನೋಡುತ್ತಿದ್ದನು. ಗುರುವಿದ್ಯಾಮಂದಿರದಲ್ಲಿ ತತ್ತ್ವಶಾಸ್ತ್ರ, ದೈವಶಾಸ್ತ್ರಗಳನ್ನು ವರ್ಷಾನುಗಟ್ಟಲೆ ಓದಿ ಬಂದ ನಮಗೆ ಇದು ಮಿದುಳಿನ ಕಾಯಿಲೆಯಾಗಿರಬಹುದೆಂಬ ಯೋಚನೆಯೇ ಹೊಳೆಯಲಿಲ್ಲ. ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದೆವು, ತೀರ್ಥ ಚಿಮುಕಿಸಿದೆವು, ಸಂತ ಅಂತೋನಿಯವರಿಗೆ ಹದಿಮೂರು ಮಂಗಳವಾರ ನಡೆದುಕೊಳ್ಳಿರೆಂದು ಹೇಳಿ ಕಳುಹಿಸಿದೆವು. ಆ ತಾಯಿ ಒಂದು ವಾರವನ್ನೂ ತಪ್ಪಿಸಲಿಲ್ಲ. ಹದಿಮೂರು ಮುಗಿದ ಮೇಲೆ ಇನ್ನೂ ಹದಿಮೂರು ಹಿಡಿದಳು. ಈ ನಡುವೆ ನೆಂಟರು ತಾಯಿತ ಕಟ್ಟಿಸಿದರು, ಗಾಳಿ ಬಿಡಿಸಲು ಎಲ್ಲಿಗೋ ಕರೆದೊಯ್ದರು, ಕೊನೆಗೆ ಮನೆಯ ಕಂಬಕ್ಕೆ ಕಟ್ಟಿಹಾಕಿದರು.

ಔಷಧಾಲಯದ ಧರ್ಮಭಗಿನಿಯೊಬ್ಬರು ಆ ಹುಡುಗನ ಕೈಯಲ್ಲಿ ಹಗ್ಗದ ಬಾವನ್ನು ಕಂಡರು. ಅವರು ದಾದಿಯ ಶಿಕ್ಷಣ ಪಡೆದವರು, ಮಾತು ಕಡಿಮೆ. ನೇರವಾಗಿ ನಮ್ಮ ಕಚೇರಿಗೆ ಬಂದು, "ಫಾದರ್, ಮಲೇರಿಯಾ ಜ್ವರ ಬಂದವನನ್ನು ನೀವು ಇಪ್ಪತ್ತಾರು ವಾರ ಕಾಯಿಸುತ್ತಿದ್ದಿರಾ?" ಎಂದು ಕೇಳಿದರು. ಮರುದಿನವೇ ಅವರು ಅವನನ್ನು ಧಾರವಾಡಕ್ಕೆ ಕರೆದೊಯ್ದರು. ಸ್ಕಿಜೋಫ್ರೇನಿಯಾ ಎಂದು ವೈದ್ಯರು ಗುರುತಿಸಿದರು. ಮಾತ್ರೆ ಆರಂಭವಾದ ಕೆಲವು ವಾರಗಳಲ್ಲಿ ದನಿಗಳು ತಗ್ಗಿದವು, ನಿದ್ದೆ ಬಂದಿತು, ಹುಡುಗ ಮಗ್ಗಕ್ಕೆ ಮರಳಿದನು. ಕಥೆ ಅಲ್ಲಿಗೆ ಮುಗಿಯಬಹುದಿತ್ತು. ಆದರೆ ತಿಂಗಳಿಗೊಮ್ಮೆ ಮಾತ್ರೆ ತರಲು ಇಬ್ಬರು ಹೋಗಿಬರಬೇಕು. ಇಬ್ಬರ ಬಸ್ಸಿನ ಖರ್ಚು, ಇಬ್ಬರ ದಿನಗೂಲಿ. "ಈಗ ಆರಾಮ ಅದಾನಲ್ಲ" ಎಂದು ಐದನೆಯ ತಿಂಗಳಲ್ಲಿ ನಿಲ್ಲಿಸಿಬಿಟ್ಟರು. ಕಾಯಿಲೆ ಮರುಕಳಿಸಿತು, ಎರಡು ವರ್ಷ ಬಿಟ್ಟು ಮತ್ತೊಮ್ಮೆ ಮರುಕಳಿಸಿತು. ಚಿಕಿತ್ಸೆ ತಡವಾದಷ್ಟೂ, ಕಾಯಿಲೆ ಮರುಕಳಿಸಿದಷ್ಟೂ ಪೂರ್ಣ ಗುಣಮುಖರಾಗುವುದು ಕಷ್ಟವೆಂದು ವೈದ್ಯರು ಹೇಳುತ್ತಾರೆ. ಆತ ಈಗ ಐವತ್ತು ದಾಟಿದ್ದಾನೆ, ತಮ್ಮನ ಮನೆಯಲ್ಲಿದ್ದಾನೆ, ಅರ್ಧ ದಿನ ನೇಯುತ್ತಾನೆ. ನಮ್ಮನ್ನು ಕಂಡರೆ ಎದ್ದು ನಿಂತು ಕೈಮುಗಿಯುತ್ತಾನೆ. ಆ ಕೈಮುಗಿತ ನಮಗೆ ಬಹಳ ಭಾರ.

ಅವನು ಕಳೆದುಕೊಂಡ ವರ್ಷಗಳಲ್ಲಿ ಮೊದಲಿನ ಅರ್ಧ ವರ್ಷ ನಮ್ಮ ಅಜ್ಞಾನದಿಂದ ಹೋಯಿತು, ಮಿಕ್ಕದ್ದು ಬಸ್ಸಿನ ದಾರಿಯಿಂದ ಹೋಯಿತು. ಪ್ರಾರ್ಥನೆ ಬೇಡವೆಂದು ಯಾರೂ ಅಪಾರ್ಥ ಮಾಡಿಕೊಳ್ಳಬಾರದು. ಮಂಗಳವಾರ ಸಂತ ಅಂತೋನಿಯವರ ದಿನ. ಕರ್ನಾಟಕ ಸರ್ಕಾರವು ಮನೋಚೈತನ್ಯ ಎಂಬ ಹೆಸರಿನಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರನ್ನು ಕಳುಹಿಸುವ ಯೋಜನೆಯನ್ನು ಆರಂಭಿಸಿದಾಗ ಅದಕ್ಕೂ ಮಂಗಳವಾರವನ್ನೇ ಗೊತ್ತುಪಡಿಸಿತು. ನೊವೆನಾ ಮುಗಿಸಿಕೊಂಡು ಆಸ್ಪತ್ರೆಗೆ ಹೋದರೆ ಸಂತರು ಮುನಿಯಲಾರರು. ನಿಮ್ಮ ತಾಲ್ಲೂಕಿನಲ್ಲಿ ವೈದ್ಯರು ಈಗ ಯಾವ ದಿನ ಬರುತ್ತಾರೆಂಬುದನ್ನು ಮಾತ್ರ ಆಶಾ ಕಾರ್ಯಕರ್ತೆಯಲ್ಲಿ ವಿಚಾರಿಸಿಕೊಂಡು ಹೊರಡಿರಿ.

ರೋಗಿಯನ್ನು ದೂರಕ್ಕೆ ಕೊಂಡೊಯ್ಯುವ ಬದಲು ಚಿಕಿತ್ಸೆಯನ್ನೇ ಹತ್ತಿರಕ್ಕೆ ತರಬೇಕೆಂಬ ವಿಚಾರ ಹೊಸದಲ್ಲ. ಅದು ಬೆಳೆದದ್ದು ನಮ್ಮ ನಾಡಿನಲ್ಲಿಯೇ. ಭಾರತ ಸರ್ಕಾರವು ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು 1982ರಲ್ಲಿ ಅಂಗೀಕರಿಸಿತು. ಅದನ್ನು ಇಡೀ ಜಿಲ್ಲೆಯೊಂದರಲ್ಲಿ ನಡೆಸಿ ತೋರಿಸಬಹುದೇ ಎಂದು ನೋಡಲು ನಿಮ್ಹಾನ್ಸ್ 1985ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಆಯ್ದುಕೊಂಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಮನೆಮನೆ ತಿರುಗುವ ಕಾರ್ಯಕರ್ತರಿಗೂ ತರಬೇತಿಯಿತ್ತು, ಆಯ್ದ ಕೆಲವೇ ಔಷಧಗಳು ಆ ಕೇಂದ್ರಗಳಲ್ಲಿಯೇ ಸಿಗುವಂತೆ ಮಾಡಿದರು. ಉನ್ಮಾದ, ಖಿನ್ನತೆ, ಮೂರ್ಛೆರೋಗಗಳಿಗೆ ಊರ ಸಮೀಪದಲ್ಲಿಯೇ ಚಿಕಿತ್ಸೆ ಸಾಧ್ಯವೆಂಬುದು ಅಲ್ಲಿ ಸಿದ್ಧವಾಯಿತು. ಬಳ್ಳಾರಿ ಮಾದರಿಯೆಂದು ಹೆಸರಾದ ಇದನ್ನೇ ಆಧಾರವಾಗಿಟ್ಟುಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಜಾರಿಗೆ ಬಂದಿತು. ನಿಮ್ಹಾನ್ಸಿನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರು ಮನಸ್ಸಿನ ಕಾಯಿಲೆಗಳನ್ನು ಕುರಿತು ತಿಳಿಗನ್ನಡದಲ್ಲಿ ಬರೆದ ಹೊತ್ತಗೆಗಳನ್ನು ತಮ್ಮಲ್ಲಿ ಹಲವರು ಓದಿರಬಹುದು. ಆದರೂ ವೈದ್ಯರ ಸಂಖ್ಯೆ ಸಾಲದು. ನಮ್ಮ ದೇಶದಲ್ಲಿ ಲಕ್ಷ ಜನರಿಗೆ ಒಬ್ಬರಂತೆಯೂ ಮನೋವೈದ್ಯರಿಲ್ಲ; ಇರುವವರಲ್ಲಿ ಬಹುಪಾಲು ನಗರವಾಸಿಗಳು.

2020ರ ಮಾರ್ಚಿನಲ್ಲಿ ಕೋವಿಡ್ ಕಾರಣದಿಂದ ಬಸ್ಸುಗಳೆಲ್ಲ ನಿಂತುಹೋದವು. ಧಾರವಾಡದ ಮಾತ್ರೆಯನ್ನು ನಂಬಿಕೊಂಡಿದ್ದವರು ಕಂಗಾಲಾದರು. ಅದೇ ತಿಂಗಳ 25ರಂದು, ವೈದ್ಯರು ದೂರವಾಣಿಯ ಮೂಲಕವೂ ವೀಡಿಯೋ ಮೂಲಕವೂ ರೋಗಿಯನ್ನು ನೋಡಿ ಔಷಧ ಬರೆದುಕೊಡಲು ಅವಕಾಶ ನೀಡುವ ನಿಯಮಾವಳಿ ಹೊರಬಿದ್ದಿತು. ಅಲ್ಲಿಯವರೆಗೆ ಅಂಜುತ್ತ ಅಳುಕುತ್ತ ನಡೆಯುತ್ತಿದ್ದ ಕೆಲಸಕ್ಕೆ ಅಧಿಕೃತ ಬಲ ಬಂದಿತು. ಮುಂದೆ 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರವು ಟೆಲಿ-ಮಾನಸ್ ಸೇವೆಯನ್ನು ಆರಂಭಿಸಿತು. ಅದರ ಸಂಖ್ಯೆ 14416. ಹಗಲಿರುಳೆನ್ನದೆ, ಯಾವ ಶುಲ್ಕವೂ ಇಲ್ಲದೆ, ಕನ್ನಡದಲ್ಲಿಯೇ ಮಾತನಾಡಬಹುದು. ಮೊದಲು ತರಬೇತಿ ಪಡೆದ ಆಪ್ತಸಮಾಲೋಚಕರು ಕೇಳಿಸಿಕೊಳ್ಳುತ್ತಾರೆ. ಅವಶ್ಯವೆನಿಸಿದರೆ ಮನೋವೈದ್ಯರಿಗೆ ಒಪ್ಪಿಸುತ್ತಾರೆ, ಇಲ್ಲವೇ ಸಮೀಪದ ಆಸ್ಪತ್ರೆಯ ದಾರಿ ತೋರಿಸುತ್ತಾರೆ. 2025ರ ಹೊತ್ತಿಗೆ ದೇಶಾದ್ಯಂತ ಇಪ್ಪತ್ತು ಲಕ್ಷಕ್ಕೂ ಮಿಕ್ಕಿ ಕರೆಗಳು ಅಲ್ಲಿಗೆ ಬಂದಿದ್ದವು. ಹಳ್ಳಿಯ ಉಪಕೇಂದ್ರದಲ್ಲಿರುವ ಸಮುದಾಯ ಆರೋಗ್ಯ ಅಧಿಕಾರಿಯ ಮೂಲಕ ಇ-ಸಂಜೀವಿನಿ ಎಂಬ ಸೇವೆಯಲ್ಲಿ ದೂರದ ವೈದ್ಯರನ್ನು ಪರದೆಯ ಮೇಲೆ ಕಾಣುವ ಅನುಕೂಲವೂ ಉಂಟು. ಅಭ್ಯಾಸಕ್ಕೆಳೆಯಬಲ್ಲ ಕೆಲವು ಔಷಧಗಳನ್ನು ಮಾತ್ರ ಹೀಗೆ ದೂರದಿಂದ ಬರೆದುಕೊಡಲು ನಿಯಮ ಬಿಡದು, ಅದು ಸರಿಯಾದದ್ದೇ.

ತಂತಿ ನಮ್ಮ ಹೊಸ್ತಿಲವರೆಗೆ ಬಂದಿದೆ. ಹೊಸ್ತಿಲಿನಿಂದ ರೋಗಿಯ ಹಾಸಿಗೆಯವರೆಗೆ ಉಳಿದಿರುವ ನಾಲ್ಕು ಮೊಳದ ದಾರಿಯನ್ನು ಯಾವ ಸರ್ಕಾರವೂ ಯಾವ ಯಂತ್ರವೂ ದಾಟಿಸಲಾರದು. ಮಾತನ್ನೇ ಬಿಟ್ಟು ಮೂಲೆ ಹಿಡಿದವನು ತಾನೇ ಫೋನ್ ಎತ್ತಿ ಅಂಕಿಗಳನ್ನು ಒತ್ತುವನೇ? ತನಗೆ ಕಾಯಿಲೆಯೇ ಇಲ್ಲವೆಂದು ನಂಬಿರುವವನು ಒತ್ತುವನೇ? ಇನ್ನು, ಮನೆಯಲ್ಲಿರುವ ಒಂದೇ ಫೋನು ಗಂಡನ ಕಿಸೆಯಲ್ಲಿರುತ್ತದೆ. ಹೆರಿಗೆಯಾದ ಮೇಲೆ ದಿನವೆಲ್ಲ ಅಳುವ ಸೊಸೆ, ಅತ್ತೆ ನಾದಿನಿಯರು ತುಂಬಿರುವ ಒಂದೇ ಕೋಣೆಯ ಮನೆಯಲ್ಲಿ ನಿಂತು, ಮಗುವನ್ನು ಕಂಡರೆ ತನಗೆ ಹೆದರಿಕೆಯಾಗುತ್ತದೆಂದು ಯಾರಿಗೆ ಹೇಳಿಯಾಳು? ಫೋನಿದ್ದರೂ ಸಿಗ್ನಲ್ ಸಿಗದ ಊರುಗಳು ನಮ್ಮ ಸುತ್ತ ಇಲ್ಲದಿಲ್ಲ. ಒಂದು ಸಲ ಮಾತನಾಡಿದ್ದಾಯಿತೆನ್ನೋಣ. ಖಿನ್ನತೆಯ ಮಾತ್ರೆಗಳು ನುಂಗಿದ ದಿನವೇ ಗುಣ ತೋರುವುದಿಲ್ಲ. ಎರಡು ವಾರವೋ ನಾಲ್ಕು ವಾರವೋ ಹಿಡಿಯುತ್ತದೆ. ಆ ನಾಲ್ಕು ವಾರ "ಇದರಿಂದ ಏನೂ ಆಗಲಿಲ್ಲ" ಎಂದು ಮಾತ್ರೆಯನ್ನು ಎಸೆಯದಂತೆ ನೋಡಿಕೊಳ್ಳುವವರು ಬೇಕು. ವೈದ್ಯರು ನೂರು ಮೈಲಿ ದೂರದಲ್ಲಿದ್ದರೂ ನಡೆದೀತು. ಈ ಮನುಷ್ಯ ಪಕ್ಕದ ಮನೆಯಲ್ಲಿರಬೇಕು. ಮಾರ್ಕರ ಶುಭಸಂದೇಶದಲ್ಲಿ ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದು, ಜನಸಂದಣಿಯಲ್ಲಿ ದಾರಿ ಕಾಣದೆ ಛಾವಣಿಯನ್ನೇ ಬಿಚ್ಚಿ ಕೆಳಗಿಳಿಸಿದ ನಾಲ್ವರನ್ನು ಕುರಿತು ಎಷ್ಟೋ ಬಾರಿ ಪ್ರಸಂಗ ಮಾಡಿದ್ದೇವೆ. ಅವರ ಹೆಸರುಗಳನ್ನು ಮಾರ್ಕರು ಬರೆದಿಲ್ಲ.

ಓದುಬರಹ ಬಲ್ಲ ಸಾಮಾನ್ಯರು ಈ ಕೆಲಸವನ್ನು ಮಾಡಬಲ್ಲರೇ ಎಂಬ ಸಂದೇಹಕ್ಕೆ ನೆರೆಯ ಗೋವೆಯಲ್ಲಿ ಉತ್ತರವಿದೆ. ಸಂಗಾತ್ ಎಂಬ ಸಂಸ್ಥೆಯು ವೈದ್ಯರಲ್ಲದ ಸ್ಥಳೀಯರಿಗೆ ತರಬೇತಿಯಿತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಖಿನ್ನತೆಯ ರೋಗಿಗಳೊಡನೆ ಆರೆಂಟು ಬಾರಿ ಕ್ರಮಬದ್ಧವಾಗಿ ಮಾತನಾಡಿಸಿತು. ಅದರಿಂದ ಗುಣ ಕಂಡುದನ್ನು 2017ರಲ್ಲಿ ಲ್ಯಾನ್ಸೆಟ್ ಎಂಬ ಪ್ರಸಿದ್ಧ ವೈದ್ಯಪತ್ರಿಕೆ ಪ್ರಕಟಿಸಿತು. ಆಫ್ರಿಕಾ ಖಂಡದ ಜಿಂಬಾಬ್ವೆಯಲ್ಲಿ ಆಸ್ಪತ್ರೆಯ ಅಂಗಳದ ಬೆಂಚಿನ ಮೇಲೆ ಊರಿನ ಅಜ್ಜಿಯರನ್ನೇ ಕೂರಿಸಿ ಈ ಕೆಲಸ ಮಾಡಿಸಿದರು. ಜಪಸರ ಹಿಡಿದು ಸಂಜೆ ದೇವಾಲಯದ ಕಟ್ಟೆಯ ಮೇಲೆ ಕೂರುವ ನಮ್ಮ ಅಜ್ಜಿಯರನ್ನು ನೋಡಿದಾಗಲೆಲ್ಲ ನಮಗೆ ಆ ಬೆಂಚು ನೆನಪಾಗುತ್ತದೆ. ಅವರು ಬೇರೆ ವಿಷಯಗಳನ್ನು ಮಾತನಾಡುವುದು ತುಸು ಕಡಿಮೆಯಾದರೆ ಅದೂ ಲಾಭವೇ!

ಬೆಲ್ಜಿಯಂ ದೇಶದ ಗೇಲ್ ಎಂಬ ಪಟ್ಟಣದ ವಿಷಯವನ್ನು ನಮ್ಮ ಜನ ಕೇಳಿರಬೇಕು. ಮನೋರೋಗಿಗಳ ಪಾಲಕಿಯೆನಿಸಿದ ಸಂತ ಡಿಂಪ್ನಾ ಅಲ್ಲಿ ಪ್ರಾಣ ತೆತ್ತಳೆಂದು ಐತಿಹ್ಯವಿದೆ. ಮಧ್ಯಯುಗದಲ್ಲಿ ದೂರದೂರದಿಂದ ರೋಗಿಗಳನ್ನು ಆಕೆಯ ದೇವಾಲಯಕ್ಕೆ ಕರೆತರುತ್ತಿದ್ದರು. ದೇವಾಲಯದ ಪಕ್ಕದ ಕೋಣೆಗಳು ಸಾಲದಾದಾಗ ಊರಿನವರು ಅವರನ್ನು ತಮ್ಮ ಮನೆಗಳಲ್ಲಿ ಇರಿಸಿಕೊಂಡರು. ಹೊಲಕ್ಕೆ ಕರೆದೊಯ್ದರು, ತಮ್ಮ ಊಟದ ಮೇಜಿನಲ್ಲಿಯೇ ಕೂರಿಸಿಕೊಂಡರು. ಕಳೆದ ಶತಮಾನದಲ್ಲಿ ಒಮ್ಮೆ ಅಂಥ ಅತಿಥಿಗಳ ಸಂಖ್ಯೆ ಮೂರು ಸಾವಿರವನ್ನು ಮೀರಿತ್ತು. ಈಗ ಸಂಖ್ಯೆ ಬಹಳ ಇಳಿದಿದ್ದರೂ ಆಸ್ಪತ್ರೆಯ ಮೇಲ್ವಿಚಾರಣೆಯಲ್ಲಿ ಆ ಪದ್ಧತಿ ನಡೆದುಬಂದಿದೆ. ಅವರು ಪರರನ್ನು ಮನೆಗೆ ಕರೆದುಕೊಂಡರು. ನಾವು ನಮ್ಮವರನ್ನೇ ಕಂಬಕ್ಕೆ ಕಟ್ಟಿದೆವು.

ಇನ್ನೊಂದು ನೋವಿನ ಮಾತು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ, ನವಿಲುತೀರ್ಥದ ಅಣೆಕಟ್ಟಿನಿಂದ ನೀರು ಬಿಟ್ಟಾಗ, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಹೊಳೆಸಾಲಿನ ಹಳ್ಳಿಗಳಲ್ಲಿ ಮನೆಗಳು ಕುಸಿದವು, ಬೆಳೆ ಕೊಚ್ಚಿಹೋಯಿತು. ನಾವೆಲ್ಲ ಸೇರಿ ಅಕ್ಕಿ ಹಂಚಿದೆವು, ಕಂಬಳಿ ಹಂಚಿದೆವು. "ರಾತ್ರಿ ನಿದ್ದಿ ಬರತೈತೇನಪ್ಪಾ?" ಎಂದು ಯಾರನ್ನೂ ಕೇಳಲಿಲ್ಲ. ಕೆಲವು ತಿಂಗಳಾದ ಮೇಲೆ, ಮನೆಯನ್ನೂ ಎತ್ತುಗಳನ್ನೂ ಕಳೆದುಕೊಂಡಿದ್ದ ಒಬ್ಬ ಗೃಹಸ್ಥರು ತಮ್ಮ ಜೀವವನ್ನು ತಾವೇ ತೆಗೆದುಕೊಂಡರು. ಅವರ ತಮ್ಮ ರಾತ್ರಿಯಲ್ಲಿ ನಮ್ಮ ಬಾಗಿಲಿಗೆ ಬಂದು ಕೇಳಿದ ಮೊದಲ ಪ್ರಶ್ನೆ, "ಫಾದರ್, ಅಣ್ಣಗ ನಮ್ಮ ಸಮಾಧಿಯೊಳಗ ಜಾಗಾ ಕೊಡ್ತೀರೇನ್ರಿ?" ಎಂಬುದಾಗಿತ್ತು.

ಕೊಟ್ಟೆವು, ಪೂಜೆಯನ್ನೂ ಅರ್ಪಿಸಿದೆವು. 1917ರ ಧರ್ಮಸಭೆಯ ಕಾನೂನು ಸಂಹಿತೆಯು ಬುದ್ಧಿಪೂರ್ವಕವಾಗಿ ಪ್ರಾಣ ಕಳೆದುಕೊಂಡವರಿಗೆ ಧಾರ್ಮಿಕ ಶವಸಂಸ್ಕಾರವನ್ನು ನಿರಾಕರಿಸುತ್ತಿತ್ತು. 1983ರ ಸಂಹಿತೆಯಲ್ಲಿ ಆ ನಿಷೇಧವಿಲ್ಲ. ತೀವ್ರ ಮನೋವ್ಯಥೆಯು ಮನುಷ್ಯನ ಹೊಣೆಯನ್ನು ತಗ್ಗಿಸುತ್ತದೆಂದು 1992ರ ಧರ್ಮೋಪದೇಶ ಗ್ರಂಥ ಬೋಧಿಸುತ್ತದೆ. ಇದನ್ನು ಅರಿಯದೆ ಆ ಕುಟುಂಬ ಒಂದು ರಾತ್ರಿಯೆಲ್ಲ ನರಳಿತೆಂಬುದು ಉಪದೇಶ ಪೀಠದಿಂದ ಮಾತನಾಡುವ ನಮ್ಮ ಲೋಪವೇ. ಪೊಲೀಸರ ಅಂಜಿಕೆಯಿಂದ ಬದುಕಿ ಉಳಿದವರನ್ನು ಬಚ್ಚಿಡುವುದೂ ಸಲ್ಲದು. ಅಂಥವರು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಿ ಆರೈಕೆ ನೀಡಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ವಿಧಿಸುತ್ತದೆ; 2024ರ ಜುಲೈಯಿಂದ ಜಾರಿಯಲ್ಲಿರುವ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೆಯ ಕಲಮು ಇಲ್ಲ.

ಹೊಲಕ್ಕೆ ಹೊಡೆಯುವ "ಎಣ್ಣಿ"ಯ ಡಬ್ಬಿಯನ್ನು ಮನೆಯೊಳಗೆ ಇಡಬೇಡಿರಿ. ಇಡಲೇಬೇಕಾದರೆ ಬೀಗ ಹಾಕಿ, ಕೀಲಿಯನ್ನು ಬೇರೊಬ್ಬರ ಕೈಯಲ್ಲಿಡಿರಿ. ಶ್ರೀಲಂಕಾದಲ್ಲಿ ಅತಿ ವಿಷಕಾರಿಯಾದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ, 1995ರಿಂದೀಚೆಗೆ ಆತ್ಮಹತ್ಯೆಯ ಪ್ರಮಾಣ ನೂರಕ್ಕೆ ಎಪ್ಪತ್ತರಷ್ಟು ಇಳಿಯಿತು. ಆ ಕೆಟ್ಟ ಗಳಿಗೆ ಬಹುಮಟ್ಟಿಗೆ ಅಲ್ಪಕಾಲದ್ದು; ಕೈಗೆ ಏನೂ ಸಿಗದಿದ್ದರೆ ಅದು ದಾಟಿಹೋಗುತ್ತದೆ. ಸಾಯುವ ಮಾತನ್ನಾಡಿದವರನ್ನು ಗದರಬೇಡಿರಿ. "ಅಂಥ ವಿಚಾರ ಬರತೈತೇನು?" ಎಂದು ನೇರವಾಗಿ ಕೇಳಿರಿ. ಕೇಳುವುದರಿಂದ ಇಲ್ಲದ ವಿಚಾರ ಹುಟ್ಟುವುದಿಲ್ಲ. ಅವರನ್ನು ಒಬ್ಬರೇ ಬಿಡದೆ, ಪಕ್ಕದಲ್ಲಿ ಕುಳಿತೇ 14416ಕ್ಕೆ ಕರೆ ಮಾಡಿರಿ.

ಪಾಪನಿವೇದನೆಯ ಪೀಠದ ಬಗೆಗೂ ಒಂದು ಮಾತು ಅಪ್ರಸ್ತುತವಾಗಲಾರದು. ಒಂದೇ ಪಾಪವನ್ನು ವಾರವಾರವೂ ಬಂದು ಹೇಳುವವರು, ಕ್ಷಮೆ ದೊರೆತಿತೋ ಇಲ್ಲವೋ ಎಂದು ಮನೆಗೆ ತಲಪುವ ಮೊದಲೇ ಹಿಂದಿರುಗಿ ಬರುವವರು ಕೆಲವರುಂಟು. ನಾವು ಓದಿದ ನೀತಿಶಾಸ್ತ್ರದ ಗ್ರಂಥಗಳು ಇದನ್ನು ಅತಿಯಾದ ಪಾಪಭೀತಿಯೆಂದು ಕರೆದವು. ಸಂತ ಇಗ್ನಾಸಿಯವರೂ ಸಂತ ಅಲ್ಫೋನ್ಸರೂ ಇದರಿಂದ ಬಳಲಿದವರೇ. ಇಂದಿನ ವೈದ್ಯರು ಇಂಥವರಲ್ಲಿ ಹಲವರಲ್ಲಿ ಗೀಳುರೋಗವನ್ನು ಗುರುತಿಸುತ್ತಾರೆ, ಅದಕ್ಕೆ ಔಷಧವೂ ತರಬೇತಿಯೂ ಇವೆ. ಪಾಪಕ್ಷಮೆ ರೋಗದ ಔಷಧವಲ್ಲ. ಆದರೆ ಕೇಳಿದ್ದನ್ನು ಕೇಳಿದಲ್ಲಿಯೇ ಬಿಟ್ಟು ಬರುವ ಶಿಸ್ತನ್ನು ಆ ಪೀಠ ನಮಗೆ ಕಲಿಸಿದೆ; ನೆರೆಯವರ ಸಂಕಟವನ್ನು ಕೇಳಲು ಹೊರಡುವ ಪ್ರತಿಯೊಬ್ಬರಿಗೂ ಅದೇ ಶಿಸ್ತು ಬೇಕು. ಬಾವಿಕಟ್ಟೆಯಲ್ಲಿ ಆ ಸುದ್ದಿ ಕೇಳಿಬಂದರೆ ಮರುದಿನದಿಂದ ಯಾರೂ ಬಾಯಿ ಬಿಡಲಾರರು.

ಪಾಲನಾ ಸಮಿತಿಯೊಡನೆ ಆಲೋಚಿಸಿ ಈ ವರ್ಷದಿಂದ ಒಂದು ಸಣ್ಣ ಏರ್ಪಾಡನ್ನು ಮಾಡಿದ್ದೇವೆ. ಗುರುಮನೆಯ ಎಡಬದಿಯ ಕೋಣೆಯಲ್ಲಿ ಒಂದು ಫೋನ್, ಎರಡು ಕುರ್ಚಿ, ಒಳಗಿನಿಂದ ಹಾಕಿಕೊಳ್ಳಬಹುದಾದ ಚಿಲಕ ಇರುತ್ತವೆ. ಮಂಗಳವಾರ ಮತ್ತು ಶುಕ್ರವಾರ ಸಂಜೆ ನಾಲ್ಕರಿಂದ ಏಳರವರೆಗೆ ಯಾವ ಜಾತಿ ಧರ್ಮದವರೇ ಆಗಲಿ ಬಂದು ಮಾತನಾಡಬಹುದು. ಪುಸ್ತಕದಲ್ಲಿ ಹೆಸರು ಬರೆಯುವುದಿಲ್ಲ. ಸೊಸೆಯಂದಿರನ್ನು ಕಳುಹಿಸುವ ಅತ್ತೆಯರು ಹೊರಗಿನ ಬೆಂಚಿನಲ್ಲಿ ಕುಳಿತಿರಬೇಕು, ಒಳಗೆ ಬರುವಂತಿಲ್ಲ. ತಿಂಗಳ ಮಾತ್ರೆಯನ್ನು ಆಸ್ಪತ್ರೆಯಿಂದ ತಂದುಕೊಡಲು ಮೋಟಾರ್ ಸೈಕಲ್ ಇರುವ ನಾಲ್ವರು ಯುವಕರು ಮುಂದೆ ಬಂದಿದ್ದಾರೆ: ಬೈಲಹೊಂಗಲ ಮತ್ತು ಕಿತ್ತೂರಿನ ಕಡೆಗೆ ಇಬ್ಬರು, ಸವದತ್ತಿಯ ಕಡೆಗೆ ಇಬ್ಬರು. ರಾಮದುರ್ಗದ ಕಡೆಗೆ ಇನ್ನೂ ಯಾರೂ ಸಿಕ್ಕಿಲ್ಲ. ಒಪ್ಪುವವರು ಈ ಸಭೆ ಮುಗಿದ ಮೇಲೆ ಉಪದೇಶಿಗಳ ಬಳಿ ತಮ್ಮ ಹೆಸರನ್ನು ಕೊಡಬೇಕೆಂದು ಕೋರುತ್ತೇವೆ.